ಕೊಕ್ಕೆರಾಯನ ಸುಳಿವು

ಭಾನುವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ರಜೆ. ಆದರೆ ರೋಗಿಗಳು ಕಾಯುವ ಕೋಣೆಗೆ ರಜೆ ಇರಲಿಲ್ಲ. ಆ ವಾರದ ಪತ್ರಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ನಾಲ್ಕು ಜನ ಬೆಳಿಗ್ಗೆಯೇ ಅಲ್ಲಿ ಸೇರುತ್ತಿದ್ದರು: ಡಾಕ್ಟರು, ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಸಾಹೇಬರು, ಹೈಸ್ಕೂಲಿನಲ್ಲಿ ಭಾಷೆ ಕಲಿಸುವ ಟೀಚರು ಮತ್ತು ಲಾಂಡ್ರಿ ಅಕ್ಕ. ಗೋಡೆಯ ಮೇಲಿನ ದವಡೆಯ ಚಿತ್ರದ ಕೆಳಗೆ ಕುರ್ಚಿಗಳನ್ನು ಎಳೆದುಕೊಂಡು, ಗೂಢ ಪದಬಂಧದ ಜೊತೆ ಗುದ್ದಾಟಕ್ಕೆ ಇಳಿಯುತ್ತಿದ್ದರು.

ಲಾಂಡ್ರಿ ಅಕ್ಕ ಬೀದಿಯ ತುದಿಯ ಲಾಂಡ್ರಿಯಲ್ಲಿ ಕೌಂಟರಿನಲ್ಲಿ ಕೂರುವವಳು. ಬಟ್ಟೆ ಇಸಿದುಕೊಂಡು, ಜೇಬು ತಡಕಿ, ಕಾಲರಿನ ಒಳಮಗ್ಗುಲಿಗೆ ನಂಬರಿನ ಚೀಟಿ ಪಿನ್ನು ಮಾಡುವುದು ಅವಳ ಕೆಲಸ. ಗುಂಪಿನಲ್ಲಿ ಅವಳಿಗೆ ಇನ್ನೊಂದು ಖ್ಯಾತಿಯೂ ಇತ್ತು: ಬಂದಾಗಿನಿಂದ ಒಂದು ಸುಳಿವನ್ನೂ ನೆಟ್ಟಗೆ ಬಿಡಿಸಿದವಳಲ್ಲ. ಆ ಪದಬಂಧವನ್ನು ವಾರವಾರ ಕಟ್ಟಿ ಕಳಿಸುತ್ತಿದ್ದವಳು ಅವಳೇ ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪತ್ರಿಕೆಯಲ್ಲಿ ಅವಳ ಹೆಸರು 'ಕೊಕ್ಕೆ'. ಅದನ್ನು ಇಟ್ಟದ್ದು ತಂಗಿ. ಅಕ್ಕತಂಗಿಯರಿಬ್ಬರೇ ಇದ್ದ ಮನೆ ಅದು. ಇವಳು ಸುಳಿವು ಬರೆದು ಗಟ್ಟಿಯಾಗಿ ಓದಿದರೆ, ಅಡುಗೆಮನೆಯಿಂದಲೇ ತೀರ್ಪು ಬರುತ್ತಿತ್ತು: "ಸಪ್ಪೆ ಕಣಕ್ಕಾ! ಸ್ವಲ್ಪ ಉಪ್ಪು ಖಾರ ಹಾಕು." ಹಾಗೆನ್ನುತ್ತಲೇ ಒಂದು ಪದವನ್ನು ಅತ್ತಿಂದಿತ್ತ ತಿರುಚಿ, ಸುಳಿವನ್ನೇ ನಗಿಸಿಬಿಡುತ್ತಿದ್ದಳು. ಆ ತಂಗಿ ತೀರಿಹೋದ ಮೇಲೆ ಸುಳಿವುಗಳನ್ನು ಓದಿ ಕೇಳಿಸಲು ಯಾರೂ ಉಳಿಯಲಿಲ್ಲ. ಬರೆದದ್ದು ಬರೆದ ಹಾಗೇ ಅಂಚೆಗೆ ಹೋಗುತ್ತಿತ್ತು.

ಒಮ್ಮೆ ಕೋಟು ಒಯ್ಯಲು ಬಂದ ಟೀಚರು ಕೌಂಟರಿನ ಮೇಲೆ ಪತ್ರಿಕೆ ಹರಡಿ ಗೊಣಗುತ್ತಿದ್ದರು. ಇವಳು ಬಗ್ಗಿ ನೋಡಿದ್ದನ್ನು ಕಂಡು, "ನಿಮಗೂ ಇದರ ಹುಚ್ಚಾ? ಭಾನುವಾರ ಬನ್ನಿ ಮತ್ತೆ" ಎಂದು ಕರೆದರು. ಮೊದಲ ದಿನವೇ ನಿಜ ಹೇಳಿಬಿಡಬೇಕೆಂದುಕೊಂಡು ಹೋದಳು. ಒಳಗೆ ಕಾಲಿಡುವಾಗ ಡಾಕ್ಟರು, "ಈ ಕೊಕ್ಕೆರಾಯ ಕೈಗೆ ಸಿಕ್ಕಿದ್ರೆ ಅರಿವಳಿಕೆ ಕೊಡದೇ ದವಡೆ ಹಲ್ಲು ಕಿತ್ತುಬಿಡ್ತೀನಿ!" ಎಂದು ಕೂಗಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಷ್ಟು ನಗುವಿನ ನಡುವೆ ಕೂತು ಎಷ್ಟೋ ಕಾಲವಾಗಿತ್ತು. ಹೇಳಿದರೆ ಈ ಸಲಿಗೆ ಸತ್ತುಹೋಗುತ್ತದೆ ಅನ್ನಿಸಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಆಮೇಲೆ ಗುಟ್ಟು ಕಾಪಾಡಲು ಬೇಕೆಂದೇ ತಪ್ಪು ಉತ್ತರ ಹೇಳುವುದು ಅಭ್ಯಾಸವಾಯಿತು.

ಆ ಭಾನುವಾರ ಎಲ್ಲರೂ ಒಂದೇ ಸುಳಿವಿನಲ್ಲಿ ಸಿಕ್ಕಿಬಿದ್ದಿದ್ದರು. 'ಹೊಳೆಗೆ ಬಂದರೆ ಊರಿಗೆ ಭಯ, ತಲೆಗೆ ಬಂದರೆ ನಮಗೆ. ಗೋಡೆಯಾಚೆಗೇ ಇದ್ದರೂ ದೂರ.' ಎರಡು ಅಕ್ಷರ. ಎರಡನೆಯದು 'ರೆ' ಎಂದು ಇನ್ನೊಂದು ಪದದಿಂದ ಸಿಕ್ಕಿತ್ತು.

"ಹೊರೆ," ಎಂದರು ಡಾಕ್ಟರು. "ತಲೆ ಮೇಲೆ ಬಂದ್ರೆ ಯಾರಿಗೆ ತಾನೇ ಭಯ ಆಗಲ್ಲ?"

"ಹೊಳೆಗೆ ಹೊರೆ ಯಾಕೆ ಬರುತ್ತೆ ಡಾಕ್ಟ್ರೇ? ಅದೇನು ಕತ್ತೆಯಾ?" ಟೀಚರು ಮೂಗು ಮುರಿದರು.

"ಕೆರೆ ಇರಬಹುದಾ?" ಎಂದಳು ಲಾಂಡ್ರಿ ಅಕ್ಕ.

"ಅಕ್ಕಾ, ನೀವು ಸುಮ್ನೆ ಟೀ ಕುಡೀರಿ," ಎಂದರು ಡಾಕ್ಟರು. ಅವಳೂ ನಕ್ಕಳು.

ಗಾರ್ಡ್ ಸಾಹೇಬರು ತಮ್ಮ ಬಿಳಿಯ ತಲೆಯನ್ನು ಸವರಿಕೊಂಡು ಮೆಲ್ಲಗೆ ಹೇಳಿದರು: "ನೆರೆ. ಹೊಳೆಗೆ ಬರೋದು ನೆರೆ. ನನ್ನ ತಲೆಗೆ ಬಂದಿರೋದೂ ನೆರೆ. ಗೋಡೆಯಾಚೆ ಇರೋದು ನೆರೆಮನೆ."

"ತಲೆಗೆ ಬರೋದು ನರೆ ರೀ, ನೆರೆ ಅಲ್ಲ!" ಡಾಕ್ಟರು ಬಿಡಲಿಲ್ಲ.

"ಎರಡೂ ರೂಪ ಇದೆ. ನಿಘಂಟು ತೆಗೆದು ನೋಡಿ," ಎಂದರು ಟೀಚರು.

"ಆದ್ರೂ ತಪ್ಪೇ. ನೆರೆ ಅಂದ್ರೆ ಹತ್ತಿರ ಅಂತ. ಈ ಪುಣ್ಯಾತ್ಮ ದೂರ ಅಂತ ಬರ್ದಿದ್ದಾನೆ."

ಗಾರ್ಡ್ ಸಾಹೇಬರು ಕನ್ನಡಕ ತೆಗೆದರು. "ತಪ್ಪಲ್ಲ ಡಾಕ್ಟ್ರೇ. ಅವನಿಗೆ ಹಾಗೇ ಇರಬಹುದು. ಒಂಟಿ ಮನುಷ್ಯ ಅನ್ಸುತ್ತೆ ನನಗೆ. ಮೊದಲು ಹೀಗಿರ್ಲಿಲ್ಲ. ಆಗಿನ ಸುಳಿವು ಬಿಡಿಸಿದ್ರೆ ನಗು ಬರ್ತಿತ್ತು. ಯಾರೋ ಪಕ್ಕದಲ್ಲಿ ಕೂತು ಕೀಟಲೆ ಮಾಡ್ತಿದ್ದ ಹಾಗಿತ್ತು. ಈಗ ಎಲ್ಲಾ ಸರಿಯಾಗಿರುತ್ತೆ, ಆದ್ರೆ ಯಾರೂ ಇಲ್ಲ."

ಲಾಂಡ್ರಿ ಅಕ್ಕ ಕೈಯಲ್ಲಿದ್ದ ಲೋಟವನ್ನು ಕುರ್ಚಿಯ ಕೆಳಗಿಟ್ಟು, ಏನೋ ಹುಡುಕುವವಳಂತೆ ಬ್ಯಾಗಿನೊಳಗೆ ಮುಖ ಹಾಕಿದಳು. ತಂಗಿ ತೀರಿಕೊಂಡಾಗ ಬಂದವರೆಲ್ಲ ಸಮಾಧಾನ ಹೇಳಿ ಹೋಗಿದ್ದರು. ಮನೆಯಲ್ಲಿ ಏನು ಕಡಿಮೆಯಾಯಿತೆಂದು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಮನೆಗೆ ಹೊರಟಾಗ ಬಸ್‌ಸ್ಟಾಪಿನವರೆಗೂ ಗಾರ್ಡ್ ಸಾಹೇಬರ ಜೊತೆಗೇ ನಡೆದಳು. ಅವರು ಇನ್ನೂ ಅದೇ ಗುಂಗಿನಲ್ಲಿದ್ದರು. "ಒಂದೇ ಒಂದು ಸಲ ಆ ಮನುಷ್ಯನ ಜೊತೆ ಕೂತು ಮಾತಾಡ್ಬೇಕು ಅಂತ ಆಸೆ ಅಕ್ಕಾ. ನಾನೂ ಒಬ್ಬನೇ ಅಲ್ವಾ, ಅದಕ್ಕೇ ಇರಬಹುದು."

ಇನ್ನು ತಡೆಯುವುದು ಬೇಡ ಅನ್ನಿಸಿತು ಅವಳಿಗೆ. "ಸಾಹೇಬ್ರೇ, ಅದು ನಾನೇ. ಕೊಕ್ಕೆ ಅಂದ್ರೆ ನಾನು," ಎಂದುಬಿಟ್ಟಳು.

ಗಾರ್ಡ್ ಸಾಹೇಬರು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಅಕ್ಕಾ! ಈಗ ತಾನೇ ಹೊಳೆಗೆ ಕೆರೆ ಬರುತ್ತೆ ಅಂದ್ರಲ್ಲ! ನನ್ನ ಮುಖ ಸಪ್ಪಗಾಯ್ತು ಅಂತ ನಗಿಸ್ತಿದೀರಿ. ನಿಮ್ಮದು ಒಳ್ಳೇ ಮನಸ್ಸು."

"ಇಲ್ಲ, ನಿಜವಾಗ್ಲೂ..." ಎನ್ನುವಷ್ಟರಲ್ಲಿ ಬಸ್ಸು ಬಂತು. ಅವರು ಕಣ್ಣೊರೆಸಿಕೊಳ್ಳುತ್ತಲೇ ಹತ್ತಿ, ಕಿಟಕಿಯಿಂದ ಕೈಬೀಸಿದರು. ಅವಳೂ ಕೈಬೀಸಿದಳು. ಬಸ್ಸು ತಿರುವು ದಾಟುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದಳು. ವಾರವಾರ ತಪ್ಪು ಉತ್ತರ ಹೇಳಿ ಕಟ್ಟಿದ ಗೋಡೆಯ ಹೊರಗೆ ತಾನೇ ಉಳಿದುಹೋದ ಹಾಗಾಯಿತು ಅವಳಿಗೆ.

ಮನೆಯಲ್ಲಿ ಮುಂದಿನ ಪದಬಂಧದ ಚೌಕಗಳು ಅರ್ಧ ತುಂಬಿ ಮೇಜಿನ ಮೇಲಿದ್ದವು. ಹಳೆಯ ಪದಬಂಧಗಳ ಕರಡು ಒಯ್ದು ತೋರಿಸಿದರೆ ಸಾಹೇಬರು ನಂಬಿಯಾರು. ಆದರೆ ಸಾಕ್ಷಿ ಹಿಡಿದು ಸ್ನೇಹ ಕೇಳಲು ಅವಳಿಗೆ ಮನಸ್ಸು ಬರಲಿಲ್ಲ. ಅದರ ಬದಲು ಕೂತು, ನಗು ಬರುವಂಥ ಒಂದು ಸುಳಿವಿಗಾಗಿ ತಿಣುಕಿದಳು. ಬರೆದಳು, ಅಳಿಸಿದಳು. ತಂಗಿಗೆ ಇದು ನೀರು ಕುಡಿದಷ್ಟು ಸುಲಭವಾಗಿತ್ತು. ಇವಳಿಗೆ ಬೆವರು ಕಿತ್ತುಕೊಂಡು ಬಂತು. ಕೊನೆಗೆ ಹೇಗೋ ಒಂದನ್ನು ಹೊಂದಿಸಿ ಕಳಿಸಿದಳು.

ಕೆಲವು ವಾರ ಕಳೆದು ಅದು ಅಚ್ಚಾಯಿತು. ಆ ಭಾನುವಾರ ಅವಳು ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗಲೇ ಡಾಕ್ಟರ ಆರ್ಭಟ ಕೇಳಿಸಿತು. "ಇದು ನನಗೇ ಬರ್ದಿರೋದು! 'ಮೇಲಲ್ಲ, ಹಲ್ಲಿನ ಡಾಕ್ಟರಿಗೆ ಇದೇ ಹೊಟ್ಟೆಪಾಡು.' ನೋಡ್ರೀ ಇವನ ಕೊಬ್ಬು!"

ಟೀಚರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಗಾರ್ಡ್ ಸಾಹೇಬರ ಮುಖ ಅರಳಿತ್ತು. "ಜೋಕು ಸ್ವಲ್ಪ ಸಪ್ಪೆ, ಒಪ್ಕೋತೀನಿ," ಎಂದರು. "ಆದ್ರೆ ಮನುಷ್ಯ ಪ್ರಯತ್ನ ಪಟ್ಟಿದ್ದಾನೆ ಕಣ್ರೀ. ಪರವಾಗಿಲ್ಲ, ಚೇತರಿಸ್ಕೊಳ್ತಿದ್ದಾನೆ."

ಲಾಂಡ್ರಿ ಅಕ್ಕ ಕೂತಳು. ಅವಳು ನಗದಿದ್ದದ್ದನ್ನು ಕಂಡು, ಪಾಪ, ಅರ್ಥವಾಗಿಲ್ಲ ಎಂದುಕೊಂಡ ಗಾರ್ಡ್ ಸಾಹೇಬರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಇಲ್ಲಿ ನೋಡಿ ಅಕ್ಕಾ. ಮೇಲಲ್ಲ ಅಂದ್ರೆ ಏನು? ಕೀಳು. ಸರೀನಾ? ಇನ್ನು ಡಾಕ್ಟ್ರು ದಿನಾ ಏನು ಮಾಡ್ತಾರೆ?"

ಅವಳು ಪತ್ರಿಕೆಯ ಕಡೆಗೆ ಬಾಗಿ, "ಏನು ಮಾಡ್ತಾರೆ?" ಎಂದಳು.

ಅವರು ಪೆನ್ಸಿಲಿನ ತುದಿಯನ್ನು ಒಂದೊಂದೇ ಅಕ್ಷರದ ಮೇಲಿಟ್ಟು, ಆತುರಪಡದೆ, ಮೊದಲಿನಿಂದ ವಿವರಿಸತೊಡಗಿದರು.