ಮತಪತ್ರದ ಹಿಂಬದಿಯಲ್ಲಿದ್ದ ಶಾಲೆ

ಹೇಜಲ್ ಕ್ರೀಕ್ ಶಾಲೆಯ ಬಸ್ಸನ್ನು ನಾನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದೇನೆ. ಮೊದಲು ನಲವತ್ತು ಮಕ್ಕಳ ಗಲಾಟೆಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಹನ್ನೊಂದೇ ಮಕ್ಕಳು. ಆ ಗಲಾಟೆಯೇ ಚೆನ್ನಾಗಿತ್ತು ಅನ್ನಿಸುತ್ತದೆ.

ಬಸ್ಸು ಕೊನೆಗೆ ನಿಲ್ಲುವುದು ಎಮಿಲ್ ಕುಚೇರಾ ಅವರ ಹೊಲದ ಮುಂದೆ. ಅವರ ಮೊಮ್ಮಗಳು ಟೆಸ್ಸಾ ಹತ್ತನೇ ತರಗತಿ. ಅವಳ ಜೊತೆ ಓದುವವರು ಇನ್ನು ಮೂರೇ ಜನ. ಗಣಿತಕ್ಕೆ ಮೇಷ್ಟ್ರಿಲ್ಲ, ಟಿ.ವಿ. ಪರದೆಯೇ ಮೇಷ್ಟ್ರು.

ಒಂದು ಸಂಜೆ ಎಮಿಲ್ ಕಾಫಿಗೆ ಕರೆದರು. ಮೇಜಿನ ಮೇಲೆ ಗಸಗಸೆ ತುಂಬಿದ ಕೊಲಾಚಿ ಬನ್ನು.

"ಏನ್ ವ್ಲಾಸ್ತಾ, ನಮ್ ಶಾಲೇನ ಪಕ್ಕದೂರು ಟಾರ್ಬೆಟ್ ಶಾಲೆ ಜೊತೆ ಸೇರಿಸ್ಬೇಕಾ ಅಂತ ಮತ್ತೆ ಮತ ಕೇಳ್ತಾರಂತೆ? ಎರಡು ವರ್ಷದ ಹಿಂದೆ ಬೇಡ ಅಂತ ಹಾಕಿ ಕೆಡವಿದ್ದೆ. ಈ ಸಲಾನೂ ಕೆಡವ್ತೀನಿ."

"ಯಾಕೆ, ಟಾರ್ಬೆಟ್‌ನೋರು ಫುಟ್‌ಬಾಲಲ್ಲಿ ಸೋಲಿಸ್ತಾರೆ ಅಂತ ಹೊಟ್ಟೆಯುರೀನಾ?"

"ತಮಾಷೆ ಸಾಕು ಮಾರಾಯ್ತಿ. ನಾನು ಎರಡನೇ ಕ್ಲಾಸಲ್ಲಿದ್ದಾಗ ನಮ್ ಹೊಲದ ಮೂಲೇಲಿದ್ದ ಒಂದು ಕೋಣೆ ಶಾಲೇನ ಹೀಗೇ ಪೇಟೆ ಶಾಲೆಗೆ ಸೇರಿಸಿದ್ರು. ನಮ್ಮಪ್ಪ ಕೈಯಾರೆ ಕಟ್ಟಿದ್ದು. ಈಗ ಅದ್ರಲ್ಲಿ ಹುಲ್ಲು ತುಂಬಿದಾರೆ."

ಅವರು ಕಿಟಕಿಯಾಚೆ ಹೊಲದ ಆ ಮೂಲೆಯತ್ತ ಕೈ ತೋರಿಸಿದರು. ನನಗೂ ಸಂಕಟವಾಯಿತು.

"ಆಗ ಊರಿನೋರ ಸಭೆ ಕರೆದಿದ್ರಲ್ಲ, ನಿಮ್ಮಪ್ಪ ಹೋಗಿದ್ರಾ?"

"ಇಲ್ಲ. ಸಿಟ್ಟು ಮಾಡ್ಕೊಂಡು ಮನೇಲೇ ಕೂತಿದ್ರು."

"ನೋಡಿ, ಶಾಲೆ ನಡೀತಿರೋದು ನಿಮ್ಮಂಥೋರ ಹೊಲದ ತೆರಿಗೇಲಿ. ರಾಜ್ಯ ಕೊಡೋ ಹಣ ಮಕ್ಕಳ ತಲೆ ಎಣಿಸಿ ಬರುತ್ತೆ. ತಲೆ ಕಮ್ಮಿಯಾಯ್ತು, ಹಣ ಕಮ್ಮಿಯಾಯ್ತು, ನಿಮ್ ತೆರಿಗೆ ಏರ್ತಾನೇ ಇದೆ. ಈಗ್ಲೇ ಮಾತಾಡಿ ಸೇರಿದ್ರೆ, ಚಿಕ್ ಮಕ್ಕಳ ಶಾಲೆ ಇಲ್ಲೇ ಇರ್ಲಿ ಅಂತ ಷರತ್ತು ಹಾಕ್ಬಹುದು. ಸುಮ್ನೆ ಕೂತ್ರೆ ಒಂದಿನ ಎಲ್ಲದಕ್ಕೂ ಬೀಗ."

"ನಾನೆಲ್ಲಿ ಸುಮ್ನೆ ಕೂತೆ? ಅವತ್ತು ಮತಪತ್ರದಲ್ಲಿ ಪೊಲೀಸ್ ಮುಖ್ಯಸ್ಥ ಶೆರಿಫ್‌ಗೆ ಮತ ಹಾಕ್ದೆ. ಕೊನೇಲಿದ್ದ ಪ್ರಶ್ನೆಗೆ ಬೇಡ ಅಂತ ಗುರುತು ಹಾಕ್ದೆ."

"ಎಮಿಲ್, ಕಾಗದ ತಿರುಗಿಸಿದ್ರಾ?"

"ಯಾಕೆ ತಿರುಗಿಸ್ಬೇಕು?"

"ಶಾಲೆ ಪ್ರಶ್ನೆ ಹಿಂಬದೀಲಿತ್ತು. ನೀವು ಬೇಡ ಅಂದಿದ್ದು ಅಗ್ನಿಶಾಮಕ ಠಾಣೆಯ ಹೊಸ ಚಾವಣಿಗೆ, ಅದೂ ಆಗ್ಲಿಲ್ಲ. ಶಾಲೆ ಪ್ರಶ್ನೆ ಸೋತಿದ್ದು ಹನ್ನೊಂದೇ ಮತದಲ್ಲಿ. ನಲವತ್ತಮೂರು ಜನ ಹಿಂಬದಿ ಖಾಲಿ ಬಿಟ್ಟಿದ್ರು."

"ಹಾಗಾದ್ರೆ ಎರಡು ವರ್ಷ ನಾನು ಜಂಬ ಕೊಚ್ಕೊಂಡಿದ್ದು?"

"ಚಾವಣಿ ಬಗ್ಗೆ."

ಬಾಗಿಲಲ್ಲಿ ನಿಂತಿದ್ದ ಟೆಸ್ಸಾ ನಗಲಿಲ್ಲ. "ತಾತ, ಹನ್ನೆರಡನೇ ತರಗತಿ ಮುಗಿಯೋಕೆ ನನಗೆ ಇನ್ನೆರಡೇ ವರ್ಷ ಇರೋದು. ಟಾರ್ಬೆಟ್‌ನಲ್ಲಿ ಗಣಿತಕ್ಕೆ ಮೇಷ್ಟ್ರಿದಾರೆ," ಅಂದಳು.

ಎಮಿಲ್ ಕೊಲಾಚಿಯನ್ನು ಅರ್ಧಕ್ಕೇ ಇಟ್ಟರು. ಅವರಪ್ಪ ಸಿಟ್ಟಿನಲ್ಲಿ ಮನೆಯಲ್ಲಿ ಕೂತರು, ಮಗ ಸಿಟ್ಟಿನಲ್ಲಿ ಕಾಗದ ಓದಲಿಲ್ಲ.

ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಬಂದವರು ಎಮಿಲ್. ಎದ್ದು ನಿಂತು, "ಆರನೇ ತರಗತಿವರೆಗೆ ಶಾಲೆ ಇಲ್ಲೇ ಇರುತ್ತೆ ಅಂತ ಬರೆದು ಕೊಡಿ. ಬಾಯಿಮಾತು ನನಗೆ ಬೇಡ," ಅಂದರು. ಶಾಲಾ ಮಂಡಳಿಯವರು ಒಪ್ಪಂದದಲ್ಲೇ ಬರೆದರು.

ಮತದಾನ ನಡೆದದ್ದು ಅದೇ ಅಗ್ನಿಶಾಮಕ ಠಾಣೆಯಲ್ಲಿ. ಹೊರಗೆ ಜಡಿಮಳೆ. ಎಮಿಲ್ ನಿಂತಿದ್ದ ಕಡೆಯೇ ಚಾವಣಿ ಸೋರಿ, ಹೆಗಲ ಮೇಲೆ ತೊಟಕ್ ತೊಟಕ್. "ಇದು ನನ್ ಪಾಲಿಗೆ ಬರ್ಬೇಕಾದ್ದೇ," ಎಂದು ಗೊಣಗಿ, ಕಾಗದ ತಿರುಗಿಸಿ, ಬೇಕು ಎಂದು ಗುರುತು ಹಾಕಿದರು. ಶಾಲೆ ಸೇರಿಸುವ ಪ್ರಶ್ನೆ ಹದಿನೇಳು ಮತಗಳಿಂದ ಗೆದ್ದಿತು.

ಈಗ ಬೆಳಿಗ್ಗೆ ಚಿಕ್ಕವರನ್ನು ಇಲ್ಲೇ ಇಳಿಸಿ, ದೊಡ್ಡವರನ್ನು ಟಾರ್ಬೆಟ್‌ಗೆ ಕರೆದೊಯ್ಯುತ್ತೇನೆ. ಟೆಸ್ಸಾ ಹಿಂದಿನ ಸೀಟಿನಲ್ಲಿ ಲೆಕ್ಕ ಮಾಡುತ್ತಾ, ಮೇಷ್ಟ್ರನ್ನು ಬೈಯುತ್ತಾ ಬರುತ್ತಾಳೆ. ಬೈಯಲಾದರೂ ಒಬ್ಬ ಮೇಷ್ಟ್ರು ಸಿಕ್ಕರಲ್ಲ!

ಓದುತ್ತಿರುವ ನೆರೆಹೊರೆಯವರೇ, ಬೇಕು ಅನ್ನಿ, ಬೇಡ ಅನ್ನಿ, ಅದು ನಿಮಗೆ ಬಿಟ್ಟದ್ದು. ಆದರೆ ಸಭೆಗೆ ಬನ್ನಿ, ಕೇಳಬೇಕಾದ್ದನ್ನು ಕೇಳಿ. ಮತ ಹಾಕುವ ದಿನ ಕಾಗದವನ್ನು ದಯವಿಟ್ಟು ತಿರುಗಿಸಿ ನೋಡಿ. ನಿಮ್ಮ ಮಕ್ಕಳ ಶಾಲೆ ಆ ಹಿಂಬದಿಯಲ್ಲಿರಬಹುದು.