ಸಮುದ್ರದಿಂದ ಹೊರಟ ಬಸ್ಸುಗಳು

ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ಬಸ್ಸು ಬಿಡುತ್ತಿದ್ದಳು. ಒಂದು ಕೈಯಲ್ಲಿ ಎತ್ತಿ ಹಿಡಿದ ಸೀರೆಯ ನೆರಿಗೆ, ಇನ್ನೊಂದರಲ್ಲಿ ಫೋನು.

"ಪ್ರಯಾಣಿಕರ ಗಮನಕ್ಕೆ. ಸಕ್ಕರೆ ಕಾರ್ಖಾನೆ ಮಾರ್ಗವಾಗಿ ದೊಡ್ಡಾಸ್ಪತ್ರೆಗೆ ಹೋಗುವ ವಾಹನವು ನಾಲ್ಕನೇ ಅಂಕಣದಲ್ಲಿ..."

ದೊಡ್ಡದೊಂದು ಅಲೆ ನುಗ್ಗಿತು. "ಅಯ್ಯಯ್ಯೋ, ಬಂತು ಬಂತು!" ಎಂದು ಚೀರಿದಳು. ಅದೂ ಧ್ವನಿವರ್ಧಕದಲ್ಲಿ ಮೊಳಗಿ, ನೂರು ಮೈಲಿಯಾಚೆಯ ನಿಲ್ದಾಣದಲ್ಲಿ ಜನ ಗಂಟುಮೂಟೆ ಹೊತ್ತು ನಾಲ್ಕನೇ ಅಂಕಣಕ್ಕೆ ಓಡಿದರಂತೆ. ಬಸ್ಸು ಇನ್ನೂ ಡಿಪೋದಲ್ಲೇ ಇತ್ತು.

ನಿಲ್ದಾಣದಲ್ಲಿ ಬಸ್ಸು ಕೂಗುವ ಒಂಬತ್ತು ವರ್ಷದ ದಿನಗೂಲಿ ನೌಕರಿಯಲ್ಲಿ ಅವಳು ಕೇಳಿದ ಮೊದಲ ರಜೆ ಇದು, ಮೂರೇ ದಿನ. ಬದಲಿಗೆ ಬಂದ ಹುಡುಗಿಗೆ ಮೊದಲ ದಿನವೇ ಗಂಟಲು ಕಟ್ಟಿತು. ಮೈಕು ಕಂಡರೆ ಕಂಟ್ರೋಲರ್ ಸಾಹೇಬರಿಗೇ ಕಂಟ್ರೋಲ್ ತಪ್ಪುತ್ತದೆ. ಎರಡು ಸಲ ಕೆಮ್ಮಿ, "ಅದೇನಂದ್ರೆ" ಎಂದು ಶುರುಮಾಡಿದರೆ, ಅದೇನೆಂದು ತಿಳಿಯುವಷ್ಟರಲ್ಲಿ ಬಸ್ಸು ಹೋಗಿಯೇ ಬಿಟ್ಟಿರುತ್ತದೆ. ಹಾಗಾಗಿ ಅವರೊಂದು ಉಪಾಯ ಹೂಡಿದ್ದರು. ಚೀಟಿಯಲ್ಲಿದ್ದುದನ್ನು ಫೋನಿನಲ್ಲಿ ಓದಿ ಹೇಳುವುದು, ಆಮೇಲೆ ಫೋನನ್ನು ಮೈಕಿಗೆ ಹಿಡಿಯುವುದು. ಇಲ್ಲಿಂದ ಅವಳು ಕೂಗುವುದು.

"ಇದು ರಜೆಯೇನೇ? ಸಜೆ!" ಅಕ್ಕ ಮರಳಿನ ಮೇಲೆ ಕೂತು ಗೊಣಗಿದಳು. ಹೊಲಿಗೆ ಅಂಗಡಿಗೆ ಬೀಗ ಜಡಿದು ತಂಗಿಯ ಜೊತೆಗೆಂದೇ ಬಂದವಳು. "ಅಲೆ ನೋಡೋಕೆ ಅಂತ ಕರ್ಕೊಂಡು ಬಂದ್ರೆ, ನಿನ್ನ ತಲೆ ಮಾತ್ರ ಬಸ್‌ಸ್ಟ್ಯಾಂಡಲ್ಲೇ ಇದೆ."

"ಲಿಸ್ಟು ಸಾಹೇಬರ ಕೈಲಿದೆ ಕಣಕ್ಕಾ. ಕಾಯಂ ಮಾಡೋ ಲಿಸ್ಟು."

"ಇಟ್ಕೊಂಡು ಪೂಜೆ ಮಾಡ್ಲಿ."

ಎರಡನೇ ದಿನ ಸಂಜೆ ನಾಲ್ಕಕ್ಕೆ ದೋಣಿ ಗೊತ್ತುಮಾಡಿದ್ದರು. ಇವರು ತಂಗಿದ್ದ ಕೋಣೆಯ ಒಡತಿಯೇ ಅದರ ಒಡತಿ. ಬೆಳಗ್ಗೆಯೆಲ್ಲ ಜಗಲಿಯಲ್ಲಿ ಬಲೆ ಹೊಲಿಯುವ ಹೆಂಗಸು. ನಡುನೀರಿನ ಬಂಡೆಯ ಮೇಲೆ ಸಾವಿರಾರು ಹಕ್ಕಿ ಕೂರುತ್ತವೆ, ನೀರು ಏರಿದಾಗ ಮಾತ್ರ ದೋಣಿ ಅಲ್ಲಿಗೆ ತಾಗುತ್ತದೆ ಎಂದಿದ್ದಳು. ಅಕ್ಕ ಆಗಲೇ ಹತ್ತಿ ಕೂತಿದ್ದಳು. ತಂಗಿ ಕಾಲೆತ್ತಿ ಇಡುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

"ಅದೇನಂದ್ರೆ, ಎಲ್ಲೂ ಹೋಗ್ಬೇಡಮ್ಮ. ಸಂಜೆಗೆ ಇಪ್ಪತ್ತೆರಡು ಗಾಡಿ ಇದೆ."

"ಸಾರ್, ದೋಣಿ ಹೊರಟಿದೆ. ಅಲ್ಲಿ ಸಿಗ್ನಲ್ ಸಿಗಲ್ಲ."

"ದೋಣಿ ನಾಳೆನೂ ಇರತ್ತೆ."

"ನಾಳೆ ನಾನಿರಲ್ಲ ಸಾರ್. ವಾಪಸ್ ಹೊರಡ್ಬೇಕು. ನಾಡಿದ್ದು ಡ್ಯೂಟಿ."

"ಹಂಗಾದ್ರೆ ಗೈರುಹಾಜರಿ ಅಂತ ಬರೀತೀನಿ. ಅದೇನಂದ್ರೆ, ಲಿಸ್ಟು ಮೇಜಿನ ಮೇಲೇ ಇದೆ. ಪೆನ್ನೂ ಇದೆ."

"ನೀರು ಕಾಯಲ್ಲ ತಾಯಿ, ಹತ್ತಿ," ಎಂದಳು ದೋಣಿಯವಳು.

ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಚಪ್ಪಲಿ ಹುಡುಕುವವಳಂತೆ ಬಗ್ಗಿದಳು, ದೋಣಿಯಿಂದ ಇಳಿಯಲು.

"ಸರಿ ಸಾರ್," ಎಂದಳು ತಂಗಿ. "ಮೈಕಿಗೆ ಹಿಡೀರಿ."

ಆ ಕಡೆ ಮೈಕು ಗುಂಯ್ ಎಂದಿತು. ಅವಳು ಎರಡು ಸಲ ಕೆಮ್ಮಿದಳು. ದನಿ ಹೊಟ್ಟೆಯೊಳಗೆ ಇಳಿದು, ಮೂಗಿನಿಂದ ಹೊರಬಂತು.

"ಅದೇನಂದ್ರೆ, ಪ್ರಯಾಣಿಕರೇ, ನಿಮ್ಮ ಅನೌನ್ಸರಮ್ಮ ರಜೆ ಮೇಲಿದಾರೆ. ಅದೇನಂದ್ರೆ, ಎರಡು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ರು. ಮಂಜೂರು ಮಾಡಿದ್ದೂ ನಾನೇ, ಸೈನ್ ಹಾಕಿದ್ದೂ ನಾನೇ, ಮರೆತಿದ್ದೂ ನಾನೇ. ಇವತ್ತೊಂದಿನ ಬೋರ್ಡು ಓದ್ಕೊಳ್ಳಿ, ಓದಕ್ಕೆ ಬರ್ದಿದ್ರೆ ಕಂಡಕ್ಟರ್‌ನ ಕೇಳಿ, ಕಂಡಕ್ಟರ್ ಬೈದ್ರೆ ನನ್ನ ಹತ್ರ ಬನ್ನಿ. ಖೊಕ್, ಖೊಕ್."

ದೂರದ ನಿಲ್ದಾಣ ಘೊಳ್ಳೆಂದಿತು. ನೂರಾರು ಗಂಟಲುಗಳ ನಗು ಅಂಗೈಯಷ್ಟು ಫೋನಿನಿಂದ ಸೋರಿ ದೋಣಿಯೊಳಗೆ ಬಿತ್ತು. ಅಷ್ಟರಲ್ಲಿ ಅವಳು ತನ್ನ ದನಿಗೆ ಮರಳಿದ್ದಳು.

"ಇಷ್ಟು ಹೊತ್ತು ಮಾತಾಡಿದ್ದು ಸಾಹೇಬರಲ್ಲ, ನಾನು. ಅಣಕ ಮಾಡಿದ್ದೂ ನಾನೇ. ನಾಡಿದ್ದು ಬೆಳಗ್ಗೆ ಆರಕ್ಕೆ ಬರ್ತೀನಿ. ಸಾರ್, ಏನು ಬರೀಬೇಕೋ ಬರ್ಕೊಳ್ಳಿ. ಇದು ನನ್ನ ರಜೆ."

ಫೋನನ್ನು ಆರಿಸಿ ಅಕ್ಕನ ಚೀಲದ ತಳಕ್ಕೆ ತುರುಕಿದಳು.

"ಲಿಸ್ಟಿಂದ ತೆಗೆದ್ರೆ?" ಅಕ್ಕ ಕೇಳಿದಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂದಿತ್ತು; ಅದರಲ್ಲಿ ಒಂದಿಷ್ಟು ಹೆದರಿಕೆಯದೂ ಇದ್ದಿರಬಹುದು.

"ತೆಗೀಬಹುದು."

"ಮತ್ತೆ?"

"ಮತ್ತೇನು, ನಾಡಿದ್ದು ಜಗಳ ಆಡ್ತೀನಿ. ಇವತ್ತು ಸ್ವಲ್ಪ ಆ ಕಡೆ ಸರಿ."

ದೋಣಿ ದಡ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ದೋಣಿಯವಳು ಹುಟ್ಟು ಹಾಕುವುದನ್ನು ನಿಧಾನಿಸಿ, ಮುಂದಿದ್ದ ಇನ್ನೊಂದು ದೋಣಿಯತ್ತ ಗದ್ದದಿಂದ ತೋರಿಸಿದಳು. "ಅವನ ಬಲೆ ಅಡ್ಡ ಬಿದ್ದಿದೆ. ಎಷ್ಟು ಕೂಗಿದ್ರೂ ನನ್ನ ದನಿ ಅಲ್ಲಿಗೆ ಹೋಗಲ್ಲ. ನೀವೊಮ್ಮೆ ಕೂಗಿ ನೋಡಿ ತಾಯಿ."

ಅವಳು ಎದ್ದು ನಿಂತಳು. ಅಕ್ಕ ಸೊಂಟ ಹಿಡಿದುಕೊಂಡಳು. ಮೊದಲ ಕೂಗು ಒಡೆದು ಗಾಳಿಗೆ ಹಾರಿಹೋಯಿತು. ಅವಳು ಮತ್ತೆ ಉಸಿರೆಳೆದು, ಹೊಟ್ಟೆಯಿಂದ ಕೂಗಿದಳು.

ಆಚೆಯ ದೋಣಿಯಲ್ಲಿ ಬಗ್ಗಿದ್ದ ಮನುಷ್ಯ ನೆಟ್ಟಗಾಗಿ ಇತ್ತ ನೋಡಿದ. ಒಂದು ಕೈ ಎತ್ತಿದ. ಆಮೇಲೆ ಎರಡೂ ಕೈಯಿಂದ ಬಲೆಯನ್ನು ಮೊಳ ಮೊಳವಾಗಿ ತನ್ನ ಕಡೆಗೆ ಎಳೆದುಕೊಳ್ಳತೊಡಗಿದ.