ಆಗಲ್ಲಮ್ಮ

“ಇನ್ನೂ ಸ್ವಲ್ಪ ಹಾಕು,” ಎಂದಳು ಬಾಯ್ಲರಕ್ಕ.

ಮಗಳು ಚೊಂಬು ಬಗ್ಗಿಸಿದಳು. ಉಗುರುಬೆಚ್ಚಗಿನ ನೀರು ಅಮ್ಮನ ಕತ್ತಿನಿಂದ ಇಳಿದು, ಎಡಭುಜದ ಸುಟ್ಟ ಕಲೆಯ ಮೇಲೆ ಹರಿದು, ಮಂಚದ ಕೆಳಗಿಟ್ಟಿದ್ದ ಬೋಗುಣಿಗೆ ತೊಟ್ಟಿಕ್ಕಿತು. ಒಂದೇ ಕೋಣೆಯ ಮನೆ. ಬಾಗಿಲಿಗೆ ಬೆಡ್‌ಶೀಟೊಂದನ್ನು ಪರದೆಯಾಗಿ ಕಟ್ಟಿದ್ದರು. ನಿನ್ನೆ ಮಧ್ಯಾಹ್ನ ಹೊಟ್ಟೆತುಂಬ ಉಂಡು, ಕಿಟಕಿಯ ಪಕ್ಕ ಅಡ್ಡಾದವಳು ಮತ್ತೆ ಎದ್ದಿರಲಿಲ್ಲ.

ಬಾಯ್ಲರಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವಳು. ಅದರ ಸದ್ದಿಗೆ ಮೇಲಾಗಿ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿತ್ತು. ಇವತ್ತು ಮಾತ್ರ ಪಿಸುದನಿ. ಜೊತೆಗಿದ್ದವಳು ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಹೆಂಗಸು, ಈಚೆಗೆ ಸೇರಿದವಳು. ಅವಳು ಅಮ್ಮನ ಭುಜ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

“ಪಾಠದಲ್ಲಿ ಬರುತ್ತಲ್ಲ, ಆ ಗಾಯ ಇದೇನಾ?”

“ಗಾಯ ಇದೇ,” ಎಂದಳು ಮಗಳು. “ಕತೆ ಬೇರೆ.”

ಆ ಪಾಠ ಊರಿನ ಮಕ್ಕಳಿಗೆಲ್ಲ ಗೊತ್ತು. ದೊಡ್ಡ ಸಾಹಿತಿಯ ದೊಡ್ಡ ಕಾದಂಬರಿಯಿಂದ ಆಯ್ದ ಭಾಗ. ಒಲೆಯ ಮೇಲಿನ ಕುದಿಯುವ ಹಂಡೆ ವಾಲುತ್ತದೆ, ಕೆಳಗೆ ಯಜಮಾನರ ಕೂಸು ಆಡುತ್ತಿರುತ್ತದೆ, ಮನೆಯ ಆಳು ಹೆಂಗಸು ಅಡ್ಡಬಿದ್ದು ತನ್ನ ಮೈಮೇಲೆ ನೀರು ಸುರಿಸಿಕೊಳ್ಳುತ್ತಾಳೆ. ಎಚ್ಚರ ತಪ್ಪುವ ಮುಂಚೆ “ಕೂಸು ಕ್ಷೇಮವೇ, ತಾಯಿ?” ಎಂದು ಕೇಳುತ್ತಾಳೆ. ಆಳು ಹೆಂಗಸಿನ ನಿಸ್ವಾರ್ಥ ಗುಣವನ್ನು ವಿವರಿಸಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಖಾಯಂ. ಬಟ್ಟೆ ಮಡಚುವವಳೂ ಒಂದು ಕಾಲಕ್ಕೆ ಅದಕ್ಕೆ ಉತ್ತರ ಬರೆದಿದ್ದಳು, ಒಳ್ಳೆಯ ಅಂಕವೂ ಬಂದಿತ್ತು. ಕಾದಂಬರಿಯ ಆ ಹೆಂಗಸು ತಮ್ಮ ಮನೆಯಲ್ಲೇ ಇದ್ದವಳೆಂದು ಸಾಹಿತಿ ಸಭೆಯೊಂದರಲ್ಲಿ ಹೇಳಿದ ಮೇಲೆ, ಅವಳು ಇದೇ ಗಲ್ಲಿಯಲ್ಲಿರುವುದು ಊರಿಗೆಲ್ಲ ತಿಳಿಯಿತು. ಸನ್ಮಾನಕ್ಕೆ ಕರೆಯಲು ಕಾರು ಬಂದಿತ್ತು. ಅಮ್ಮ ಬಾಗಿಲಲ್ಲೇ ನಿಂತು ಆಗಲ್ಲ ಅಂದಿದ್ದಳು.

ಪರದೆಯಾಚೆಯಿಂದ ಯಾರೋ ಕೆಮ್ಮಿದರು. ಶಾಲೆಯ ಹೆಡ್‌ಮಾಸ್ಟರು. ಸಾಹಿತಿಗಳು ಸ್ವತಃ ಹೊರಟಿದ್ದಾರೆ, ಪತ್ರಿಕೆಯವರೂ ಬರುತ್ತಾರೆ, ಎರಡು ಮಾತಾಡುತ್ತಾರೆ, ಅಲ್ಲಿಯವರೆಗೆ ಹೆಣ ಎತ್ತುವುದು ಬೇಡ ಎಂದು ವಿನಯದಿಂದಲೇ ತಿಳಿಸಿದರು. ಇಂಥ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಎಂದೂ ಸೇರಿಸಿದರು.

“ಸತ್ತ ಮೇಲೂ ಯಜಮಾನ್ರು ಬರೋವರೆಗೆ ಕಾಯ್ಬೇಕೇನೋ ಇವಳು,” ಎಂದಳು ಬಾಯ್ಲರಕ್ಕ, ಈಗ ಪಿಸುದನಿಯಲ್ಲಲ್ಲ.

ಹೆಡ್‌ಮಾಸ್ಟರ ಚಪ್ಪಲಿಯ ಸದ್ದು ಗಲ್ಲಿಯಲ್ಲಿ ದೂರವಾಯಿತು.

*

ಅಮ್ಮ ತಾಯಿತಂದೆ ಇಲ್ಲದ ಹುಡುಗಿ. ಚಿಕ್ಕಪ್ಪ ಅವಳನ್ನು ಸಾಹಿತಿಯ ಆ ದೊಡ್ಡ ಮನೆಗೆ ತಂದುಬಿಟ್ಟಾಗ, ಊಟ ಬಟ್ಟೆ ಅವರೇ ನೋಡಿಕೊಳ್ಳುತ್ತಾರೆ, ಸ್ವಲ್ಪ ದಿನ ಇರು, ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಅವನು ಆ ಕಡೆ ತಲೆ ಹಾಕಲಿಲ್ಲ. ಹುಡುಗಿ ಅಲ್ಲಿಯೇ ಬೆಳೆದಳು. ಸಂಬಳದ ಮಾತನ್ನು ಯಾರೂ ಎತ್ತಲಿಲ್ಲ, ಏಕೆಂದರೆ ಅವಳು ಮನೆಯವಳಂತೆ. ಮನೆಯವಳಾದರೂ ಮಲಗುವುದು ಅಡುಗೆಮನೆಯ ನೆಲದ ಮೇಲೆ, ಉಣ್ಣುವುದು ಎಲ್ಲರದ್ದೂ ಆದ ಮೇಲೆ ಉಳಿದರೆ. ರಾತ್ರಿ ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಳುತ್ತಿತ್ತು. ಮನೆಯವರು ಎಲ್ಲಾದರೂ ಹೊರಟರೆ ಹಗಲೂ ಬೀಳುತ್ತಿತ್ತು.

ಮನೆಯ ಹಿರಿಯಳನ್ನು ಎಲ್ಲರೂ ದೊಡ್ಡಮ್ಮನವರು ಎನ್ನುತ್ತಿದ್ದರು. ಅವರ ಒಬ್ಬನೇ ಮಗ ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದ. ಕರೆದಾಗಲೆಲ್ಲ ಅವಳು ಅವನಿಗೆ ಚಹಾ ಒಯ್ಯುತ್ತಿದ್ದಳು. ಅವನು ಒರಟನಲ್ಲ. ಲೋಟ ತೆಗೆದುಕೊಳ್ಳುವಾಗ ಒಮ್ಮೊಮ್ಮೆ ಅವಳ ಕೈಯನ್ನೇ ನೋಡುತ್ತಿದ್ದ, ಸೋಪಿನ ಪುಡಿಗೆ ಬಿರಿದು ರಕ್ತ ಬಂದ ಬೆರಳುಗಳನ್ನು. ನೋಡಿ, ಬರೆದುಕೊಳ್ಳುತ್ತಿದ್ದ.

ದೊಡ್ಡಮ್ಮನವರು ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಕಾಲೊತ್ತುವ ಕೆಲಸ ಅವಳದಾಯಿತು. ಹಗಲಿನ ಕೆಲಸವೇನೂ ಕಡಿಮೆಯಾಗಲಿಲ್ಲ. ಅತಿಥಿಗಳು ಬಂದಿದ್ದ ಒಂದು ದಿನ ಒಲೆಯ ಮುಂದೆ ನಿಂತ ನಿಂತಲ್ಲೇ ಅವಳಿಗೆ ನಿದ್ದೆ ಹತ್ತಿತು. ಕೈ ಹಂಡೆಯ ಅಂಚಿಗೆ ತಗುಲಿ, ಕುದಿಯುವ ನೀರು ಎಡಭುಜದ ಮೇಲೆ ಸುರಿಯಿತು. ಕೂಸು ಗೀಸು ಯಾವುದೂ ಅಲ್ಲಿರಲಿಲ್ಲ. ಆ ಹೊತ್ತಿಗೆ ಆ ಮನೆಯಲ್ಲಿ ಕೂಸೇ ಹುಟ್ಟಿರಲಿಲ್ಲ. ಅವಳು ಕೂಗಿದ ಸದ್ದಿಗೆ ಮೇಲಿನ ಕೋಣೆಯವನು ಮೆಟ್ಟಿಲಿಳಿದು ಬಂದ, ಬಾಗಿಲಲ್ಲಿ ನಿಂತು ನೋಡಿದ, ಮತ್ತೆ ಮೆಟ್ಟಿಲು ಹತ್ತಿ ಹೋದ. ಡಾಕ್ಟರನ್ನು ಕರೆಸಿದರೆ ನೂರೆಂಟು ಕೇಳುತ್ತಾರೆ ಎಂದು ಯಾರೂ ಕರೆಸಲಿಲ್ಲ. ಅತಿಥಿಗಳಿಗೆ ಬಡಿಸಿ ಮುಗಿಸಿದ ಮೇಲೆ ಅವಳು ಸುಟ್ಟ ಜಾಗಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಮೂಲೆಯಲ್ಲಿ ಕೂತಳು.

ಆಮೇಲೆ ಅವಳನ್ನು ಮನೆಯ ಕಾರು ತೊಳೆಯುವವನಿಗೆ ಕೊಟ್ಟು ಮದುವೆ ಮಾಡಿಸಿದರು. ಹಾಗಾದರೆ ಇಬ್ಬರೂ ಅಲ್ಲೇ ಇರುತ್ತಾರೆ. ಅವನು ಒಳ್ಳೆಯವನೇ. ಆದರೆ ಮಗಳು ಹುಟ್ಟುವ ಮುಂಚೆಯೇ ಜ್ವರ ಬಂದು ತೀರಿಕೊಂಡ.

ಮಗಳು ಅಂಗಳದಲ್ಲಿ ಓಡಾಡುವಷ್ಟಾದಾಗ, ಒಂದು ಬೆಳಿಗ್ಗೆ ಕಿಟಕಿ ರಿಪೇರಿಗೆ ಬಡಗಿ ಬಂದಿದ್ದ. ದೊಡ್ಡಮ್ಮನವರು ಒಂದು ಪೊರಕೆ ತರಿಸಿ, ಅದರ ಹಿಡಿಯನ್ನು ಅವನಿಂದ ಗಿಡ್ಡ ಮಾಡಿ ಕೊಯ್ಯಿಸಿದರು. ಅದನ್ನು ಮಗುವಿನ ಕೈಗೆ ಕೊಟ್ಟು, ಎಷ್ಟು ಸರಿಯಾಗಿ ಹೊಂದುತ್ತೆ ನೋಡು ಎಂದು ನಕ್ಕರು. ಮಗುವೂ ನಕ್ಕಿತು.

ತಾಯಿ ಕಸದ ಬಕೆಟ್ಟನ್ನು ಒಂದು ಕೈಯಲ್ಲಿ ಹಿಡಿದಳು, ಮಗುವನ್ನು ಸೊಂಟಕ್ಕೇರಿಸಿದಳು. ಬೀದಿಯ ಕೊನೆಗೆ ಹೋಗಿ ಕಸ ಸುರಿದು ಬರುವುದು ದಿನದ ರೂಢಿ, ಯಾರೂ ತಡೆಯಲಿಲ್ಲ. ಬೀದಿಯ ಕೊನೆಯಲ್ಲಿ ಬಕೆಟ್ಟನ್ನು ಕೆಳಗಿಟ್ಟಳು. ತಿರುಗಿ ನೋಡದೆ ಹಾಗೇ ನಡೆದಳು.

*

ಆಮೇಲೆ ಅಮ್ಮನಿಗೆ ಸಿಕ್ಕ ಆಸ್ಪತ್ರೆಯ ಲಾಂಡ್ರಿಯ ಕೆಲಸವೂ ಹೂವಿನ ಹಾಸಿಗೆಯಲ್ಲ. ರಕ್ತ, ಕೀವು, ವಾಂತಿ ಮೆತ್ತಿದ ಹೊದಿಕೆಗಳು ಗುಡ್ಡೆಗುಡ್ಡೆಯಾಗಿ ಬರುತ್ತಿದ್ದವು. ಆವಿಗೆ ಉಸಿರು ಕಟ್ಟುತ್ತಿತ್ತು. ಅವಳು ಯಾರಿಗೂ ಕಡಿಮೆಯಿಲ್ಲದಂತೆ ದುಡಿದಳು. ಆದರೆ ಪಾಳಿ ಮುಗಿದ ಗಂಟೆ ಹೊಡೆದ ಕೂಡಲೇ ಕೈಯಲ್ಲಿದ್ದ ಬಟ್ಟೆ ಕೈಯಿಂದ ಬೀಳುತ್ತಿತ್ತು. ಮೇಲ್ವಿಚಾರಕ ಇನ್ನೊಂದು ಸ್ವಲ್ಪ ಹೊತ್ತು ನಿಲ್ಲು ಎಂದರೆ, ಆಗಲ್ಲ ಎನ್ನುತ್ತಿದ್ದಳು.

“ಯಾಕಮ್ಮ ಆಗಲ್ಲ?”

“ಆಗಲ್ಲ.”

ಮಗುವಿಗೆ ಹುಷಾರಿಲ್ಲ, ಮನೆಯಲ್ಲಿ ಕೆಲಸವಿದೆ ಎಂಬ ನೆಪವೇನನ್ನೂ ಅವಳು ಹೇಳುತ್ತಿರಲಿಲ್ಲ. ಅದೇ ಅವನಿಗೆ ಉರಿ. ಮಿಕ್ಕ ಹೆಂಗಸರು ನಕ್ಕು ಅವಳಿಗೆ ಆಗಲ್ಲಮ್ಮ ಎಂದು ಹೆಸರಿಟ್ಟರು. ಆಮೇಲಾಮೇಲೆ ತಾವೂ ಹೇಳಲು ಕಲಿತರು. ಬಟ್ಟೆ ಮಡಚುವ ಮೇಜಿನ ಮುಂದೆ ಕೂರಲು ಸ್ಟೂಲು ಬಂದದ್ದು ಹಾಗೆಯೇ. ನಿಂತುಕೊಂಡು ಮಡಚಲು ಆಗಲ್ಲ ಎಂದು ಅವಳು ನೆಲದ ಮೇಲೆ ಕೂತಳು. ಪಕ್ಕದಲ್ಲಿ ಬಾಯ್ಲರಕ್ಕ ಕೂತಳು, ಅವಳಿಗೆ ಮಡಚುವ ಕೆಲಸವೇ ಇರಲಿಲ್ಲ.

ಮನೆಯಲ್ಲಿ ಅಮ್ಮ ತನ್ನ ತಟ್ಟೆಗೂ ಮಗಳ ತಟ್ಟೆಗೂ ಒಟ್ಟಿಗೇ, ಸಮಸಮವಾಗಿ ಬಡಿಸುತ್ತಿದ್ದಳು. ರಜೆಯ ದಿನ ಬಿಸಿಲು ಕಿಟಕಿ ದಾಟುವವರೆಗೆ ಮಲಗುತ್ತಿದ್ದಳು. ಅಕ್ಕಪಕ್ಕದವರು ಇವಳೆಂಥ ತಾಯಿ ಎಂದು ಆಡಿಕೊಂಡದ್ದೂ ಉಂಟು.

ಮಗಳು ಹೈಸ್ಕೂಲಿನಲ್ಲಿದ್ದಾಗ ಆ ಪಾಠ ಬಂತು. ಅಮ್ಮನಿಗೆ ಓದು ಬರದು. ಮಗಳು ಓದಿದ್ದನ್ನು ಬಟ್ಟೆಗೆ ತೇಪೆ ಹಾಕುತ್ತ ಕೇಳಿಸಿಕೊಂಡಳು. ಹಂಡೆ ವಾಲುವಲ್ಲಿ ಅವಳ ಸೂಜಿ ನಿಂತಿತು. ಮಗಳಿಗೂ ಅಷ್ಟರಲ್ಲಿ ಅನುಮಾನ ಬಂದಿತ್ತು. ಲೈಬ್ರರಿಯಿಂದ ಇಡೀ ಪುಸ್ತಕ ತಂದು, ದಿನಾ ಸಂಜೆ ಸ್ವಲ್ಪ ಸ್ವಲ್ಪ ಓದಿ ಹೇಳಿದಳು. ಅಮ್ಮ ಬೈಯಲಿಲ್ಲ, ಅಳಲಿಲ್ಲ. ಅರ್ಧ ಪುಸ್ತಕ ಆದ ಮೇಲೆ ಒಂದು ಮಾತು ಕೇಳಿದಳು.

“ಇವಳಿಗೆ ಹಸಿವೇ ಆಗಲ್ವಾ?”

ಮಗಳು ಹಿಂದಿನ ಹಾಳೆಗಳನ್ನು ತಿರುವಿದಳು. ಆ ಹೆಂಗಸು ಬೇಯಿಸುತ್ತಾಳೆ, ಬಡಿಸುತ್ತಾಳೆ, ತನ್ನ ಪಾಲನ್ನು ಬೀದಿನಾಯಿಗೂ ಹಾಕುತ್ತಾಳೆ. ಎಲ್ಲಿಯೂ ಅವಳಿಗೆ ಹಸಿವಾಗಿರಲಿಲ್ಲ.

“ನಂಗಂತೂ ಯಾವಾಗ್ಲೂ ಹಸಿವು,” ಎಂದಳು ಅಮ್ಮ. “ನಿದ್ದೆಯಲ್ಲೂ ಹಸಿವು. ಅವನಿಗೆ ಚಹಾ ಕೊಡೋಕೆ ಹೋಗ್ವಾಗ ಮೆಟ್ಟಿಲ ಮೇಲೆ ಒಂದು ಗುಟುಕು ಕುಡೀತಿದ್ದೆ. ಅದನ್ನ ಬರೆದಿಲ್ವಾ?”

ಕೊನೆಯ ಅಧ್ಯಾಯದಲ್ಲಿ ಆಳು ಹೆಂಗಸು ಅದೇ ಅಡುಗೆಮನೆಯ ನೆಲದ ಮೇಲೆ ಸಾಯುತ್ತಾಳೆ. ಸಾಯುವ ಮುಂಚೆ ತನ್ನ ಪುಟ್ಟ ಮಗಳ ಕೈಯನ್ನು ಯಜಮಾನಿಯ ಕೈಯಲ್ಲಿಟ್ಟು, ನನ್ನ ಕೈ ಸೋತಿತು ತಾಯಿ, ಇನ್ನು ಈ ಕೈ ನಿಮ್ಮದು ಎನ್ನುತ್ತಾಳೆ. ಅಮ್ಮ ಎದ್ದಳು, ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು, ಬಾಗಿಲು ತೆರೆದು ಹೊಸ್ತಿಲಾಚೆ ಇಟ್ಟಳು. ನಾಳೆ ವಾಪಸ್ ಕೊಟ್ಟುಬಿಡು ಎಂದು ಹೇಳಿ ಬಾಗಿಲು ಮುಚ್ಚಿದಳು.

*

ಸಾಹಿತಿ ಬಂದಾಗ ಅಮ್ಮನ ಶವಪೆಟ್ಟಿಗೆ ಬಾಗಿಲ ಮುಂದೆ ಬೆಂಚಿನ ಮೇಲಿತ್ತು. ಮುಚ್ಚಳ ಹಾಕಿಯಾಗಿತ್ತು. ಕಾರು ಗಲ್ಲಿಯೊಳಕ್ಕೇ ಬಂದು, ಎರಡೂ ಕಡೆಯ ಗೋಡೆಗೆ ಇಷ್ಟೇ ಇಷ್ಟು ಬಿಟ್ಟು ನಿಂತಿತು. ಬಿಳಿಗೂದಲಿನ, ಕೋಲು ಹಿಡಿದ ಮನುಷ್ಯ. ದೊಡ್ಡ ಪುಷ್ಪಚಕ್ರವನ್ನು ಡ್ರೈವರು ಹೊತ್ತು ತಂದ. ಪಾಳಿ ಮುಗಿಸಿ ನೇರ ಬಂದಿದ್ದ ಲಾಂಡ್ರಿಯ ಹೆಂಗಸರು ಗೋಡೆಗೆ ಸರಿದು ನಿಂತರು.

ಅವರು ಚೆನ್ನಾಗಿಯೇ ಮಾತಾಡಿದರು. ಅವಳಂಥ ಹೆಂಗಸರ ಬೆವರಿನ ಮೇಲೆ ಮನೆಗಳು ನಿಂತಿವೆ ಎಂದರು. ಕೇಳದೆ ಕೊಟ್ಟವಳು, ಕೊಟ್ಟು ಮರೆತವಳು ಎಂದರು. ಪತ್ರಿಕೆಯವರು ಬರೆದುಕೊಂಡರು. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ಆಮೇಲೆ ಸಾಹಿತಿ ಪುಸ್ತಕ ತೆರೆದು ಕೊನೆಯ ಹಾಳೆಯನ್ನು ಓದತೊಡಗಿದರು. ದನಿ ನಡುಗುತ್ತಿತ್ತು, ನಟನೆಯಲ್ಲ. ನನ್ನ ಕೈ ಸೋತಿತು ತಾಯಿ ಎಂಬಲ್ಲಿಗೆ ಬಂದರು.

“ಅಲ್ಲಿಗೆ ನಿಲ್ಲಿಸಿ, ಸರ್,” ಎಂದಳು ಮಗಳು.

ಅವರು ತಲೆಯೆತ್ತಿ, ಯಾರು ಎಂಬಂತೆ ನೋಡಿದರು.

“ಆ ಮಗು ನಾನೇ. ಅಮ್ಮ ನನ್ನನ್ನ ಯಾರ ಕೈಗೂ ಕೊಡ್ಲಿಲ್ಲ. ನಿಮ್ಮ ತಾಯಿ ನನ್ನ ಕೈಗೆ ಪೊರಕೆ ಕೊಟ್ಟ ದಿನಾನೇ ಎತ್ಕೊಂಡು ಹೊರಗೆ ಬಂದಳು. ಇಷ್ಟು ವರ್ಷ ಬದುಕಿದ್ದಳು. ನೀವು ಯಾವಾಗ್ಲೋ ಸಾಯಿಸಿಬಿಟ್ರಿ.”

ಹೆಡ್‌ಮಾಸ್ಟರು ನಡುವೆ ಬರಲು ನೋಡಿದರು. ಸಾಹಿತಿ ಕೈಯೆತ್ತಿ ತಡೆದರು. ಅದು ಕಾದಂಬರಿ ಮಗೂ, ಬದುಕು ಇದ್ದ ಹಾಗೇ ಅದರಲ್ಲಿ ಬರುವುದಿಲ್ಲ ಎಂದು ಮೆಲ್ಲಗೆ ವಿವರಿಸಿದರು. ತಾನು ಅವಳನ್ನು ಎಷ್ಟು ಗೌರವದಿಂದ ಕಂಡೆನೆಂಬುದು ಓದಿದವರಿಗೆಲ್ಲ ಗೊತ್ತು ಎಂದರು.

“ನಾನು ಅವಳನ್ನ ಪೂಜಿಸಿದ್ದೇನಮ್ಮ.”

“ಪೂಜೆ ಮಾಡಿದ್ರಿ, ಚಿಲಕ ತೆಗೀಲಿಲ್ಲ,” ಎಂದಳು ಮಗಳು. ಅವಳ ದನಿ ಏರಲಿಲ್ಲ, ಅಮ್ಮನ ದನಿಯೂ ಏರುತ್ತಿರಲಿಲ್ಲ. “ನಿಮ್ಮ ಮೆಟ್ಟಿಲು ಇಳಿದ್ರೆ ಎದುರಿಗೇ ಅಡುಗೆಮನೆ ಬಾಗ್ಲು. ಹೊರಗಿನ ಚಿಲಕ ದಿನಾ ನಿಮ್ಮ ಕಣ್ಣಿಗೆ ಬೀಳ್ತಿತ್ತು. ಮಸಿ ಹಿಡಿದ ಗೋಡೆ ಬರೆದಿದ್ದೀರಿ, ಬಿರಿದ ಬೆರಳು ಬರೆದಿದ್ದೀರಿ. ಚಿಲಕ ಯಾಕೆ ಬರೀಲಿಲ್ಲ?”

ಸಾಹಿತಿ ಪುಸ್ತಕವನ್ನು ಮುಚ್ಚಿದರು. ಕೊನೆಗೆ ಅವರು ಹೇಳಿದ್ದು, ಅಷ್ಟು ವರ್ಷ ಯಾರೂ ಕೇಳದೆ ಉಳಿದಿದ್ದ ಪ್ರಶ್ನೆಗೆ ತಮ್ಮಷ್ಟಕ್ಕೇ ಕೊಟ್ಟುಕೊಂಡ ಉತ್ತರದಂತಿತ್ತು.

“ಚಿಲಕ ಬರೆದಿದ್ರೆ ಅದು ತ್ಯಾಗ ಆಗ್ತಿರಲಿಲ್ಲ.”

“ಜೀತ ಆಗ್ತಿತ್ತು,” ಎಂದಳು ಬಾಯ್ಲರಕ್ಕ. “ಅಷ್ಟೇ ತಾನೆ?”

ಪತ್ರಿಕೆಯವರಲ್ಲೊಬ್ಬ ಬರೆಯುವುದನ್ನು ನಿಲ್ಲಿಸಿದ್ದವನು ಮತ್ತೆ ಬರೆಯತೊಡಗಿದ. ಬಾಯ್ಲರಕ್ಕ ಮಿಕ್ಕವರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಹೆಂಗಸರು ಗೋಡೆ ಬಿಟ್ಟು ಮುಂದೆ ಬಂದು, ಬಗ್ಗಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡರು. ಒದ್ದೆ ಬಟ್ಟೆಯ ಮೂಟೆ ಎತ್ತಿದ ಹೆಗಲುಗಳು, ಒಂದು ಸಲಕ್ಕೇ ಎದ್ದವು. ಸಾಹಿತಿ ಕೋಲನ್ನು ಡ್ರೈವರಿಗೆ ಕೊಟ್ಟು ತಾವೂ ಒಂದು ಮೂಲೆಗೆ ಕೈ ಕೊಡಲು ಬಂದರು.

“ನೀವು ಬೇಡ, ಸರ್,” ಎಂದಳು ಮಗಳು. “ನಿಮ್ಮ ಕೈಲಿ ಆಗಲ್ಲ.”

ಅವರು ಕೋಲನ್ನು ವಾಪಸ್ ತೆಗೆದುಕೊಂಡು, ಮರಳಿ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಆದರೆ ಕಾರು ತಿರುಗಲು ಗಲ್ಲಿಯಲ್ಲಿ ಜಾಗವಿರಲಿಲ್ಲ. ಸ್ಮಶಾನಕ್ಕೂ ಬೇರೆ ದಾರಿಯಿರಲಿಲ್ಲ. ಡ್ರೈವರು ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತ, ಕಾರನ್ನು ಹಿಮ್ಮುಖವಾಗಿ ಬಿಡತೊಡಗಿದ. ಹೆಂಗಸರು ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕಿಟಕಿಗಳಲ್ಲಿ, ಹೊಸ್ತಿಲುಗಳಲ್ಲಿ ಜನ ಬಂದು ನಿಂತರು. ಉದ್ದಕ್ಕೂ ಹಿಂದೆ ಹಿಂದೆ ಸರಿಯುತ್ತಿದ್ದ ಕಾರಿನ ಗಾಜಿನೊಳಗೆ ಆ ಮುದುಕ ಎದುರಿಗೇ ಮುಖ ಮಾಡಿ ಕೂತಿದ್ದ. ಹೆಂಗಸರ ಹೆಗಲ ಮೇಲೆ ಆಗಲ್ಲಮ್ಮ ಅವನ ಮುಂದೆ ಮುಂದೆ ಬರುತ್ತಲೇ ಇದ್ದಳು, ದೊಡ್ಡ ರಸ್ತೆ ಸಿಗುವವರೆಗೆ.